ಮೂರು ಹಾಡು, ಒಂದೇ ಚಪ್ಪಾಳೆ

ನಾಗೇಶ: (ವಾಟ್ಸಾಪ್ ಗುಂಪಿಗೆ ಹಾಕಿದ, ಮೂರು ಹಾಡು ಜೋಡಿಸಿದ ಮಿಕ್ಸ್ ವಿಡಿಯೋ, 4:10) ಶಾನ್ ಪಾಲ್ ‘ಗೆಟ್ ಬಿಸಿ’, ವೇಯ್ನ್ ವಂಡರ್ ‘ನೋ ಲೆಟಿಂಗ್ ಗೋ’, ಲುಮಿಡಿ ‘ನೆವರ್ ಲೀವ್ ಯು’. ಮೂರಕ್ಕೂ ಒಂದೇ ಮ್ಯೂಸಿಕ್ಕು! ಯಾರು ಯಾರದ್ದನ್ನ ಕದ್ದಿದ್ದು ಹೇಳ್ರಪ್ಪಾ.

ಪ್ರಸಾದ್: ಯಾರೂ ಕದ್ದಿಲ್ಲ ಕಣೋ. ಅದು ದಿವಾಲಿ ರಿಡ್ಡಿಮ್, ಜಮೈಕಾದ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಮಾಡಿದ್ದು. ಡ್ಯಾನ್ಸ್‌ಹಾಲ್ ಅನ್ನೋ ಜಮೈಕಾ ಸಂಗೀತದಲ್ಲಿ ಮೊದಲು ವಾದ್ಯದ ಟ್ರ್ಯಾಕ್ ತಯಾರಾಗುತ್ತೆ, ಅದೇ ರಿಡ್ಡಿಮ್, ಆಮೇಲೆ ಒಬ್ಬೊಬ್ಬರೇ ಬಂದು ಅದರ ಮೇಲೆ ಹಾಡಿ ಹೋಗ್ತಾರೆ. 2002ರಲ್ಲಿ ಗ್ರೀನ್‌ಸ್ಲೀವ್ಸ್ ಕಂಪನಿ ಈ ಒಂದೇ ರಿಡ್ಡಿಮ್‌ಗೆ ಇಡೀ ಆಲ್ಬಮ್ಮೇ ತಂದಿತ್ತು, ಅವರ ಸರಣಿಯಲ್ಲಿ 27ನೇದು. ಬೌಂಟಿ ಕಿಲ್ಲರ್‌ದು ‘ಸಫರರ್’, ಎಲಿಫೆಂಟ್ ಮ್ಯಾನ್‌ದು ‘ಎಲಿಫೆಂಟ್ ಮೆಸೇಜ್’, ಎಲ್ಲ ಇದರ ಮೇಲೇ.

ಮಂಜುಳಾ: ಅಂದ್ರೆ ನಮ್ಮಲ್ಲಿ ‘ಇಂಥಾ ಹಾಡಿನ ಧಾಟಿ’ ಅಂತ ಮೇಲ್ಗಡೆ ಬರೀತಾರಲ್ಲ, ಹಂಗೆ.

ಪ್ರಸಾದ್: ಉಲ್ಟಾ ಹೇಳಿದೆ ಮಂಜು. ಧಾಟಿ ಅಂದ್ರೆ ರಾಗ ಅದೇ, ಪಕ್ಕವಾದ್ಯ ಯಾರದ್ದೋ. ಇಲ್ಲಿ ಪಕ್ಕವಾದ್ಯದ ರೆಕಾರ್ಡಿಂಗೇ ಅದೇ, ಹಾಡೋ ರಾಗ ಬೇರೆಬೇರೆ. ವೇಯ್ನ್ ವಂಡರ್ ಎಳೆದು ಹಾಡ್ತಾನೆ, ಶಾನ್ ಪಾಲ್ ಮಾತಿನ ಓಟದಲ್ಲಿ ಹೊಡೀತಾನೆ. ಜಮೈಕಾದಲ್ಲಿ ಡೀಜೆ ಅಂದ್ರೆ ಹಂಗೆ ಹೊಡೆಯೋನು. ಪ್ಲೇಟ್ ತಿರುಗಿಸೋನು ಸೆಲೆಕ್ಟರ್.

ನಾಗೇಶ: ಹೆಸರೇ ದಿವಾಲಿ. ಹಿಂದಿ ಸಿನಿಮಾದಿಂದ ಎತ್ತಿರ್ತಾರೆ ಬಿಡು.

ಮಂಜುಳಾ: ಹೆಸರು ನೋಡಿ ಕಳ್ಳತನ ಹೊರಿಸ್ತೀಯಲ್ಲೋ! ಭಾರತದ ಕೂಲಿಯಾಳುಗಳು 1845ರಲ್ಲೇ ಹಡಗು ಹತ್ತಿ ಜಮೈಕಾಕ್ಕೆ ಹೋಗಿದ್ದಾರೆ. ದಿವಾಲಿ ಅನ್ನೋ ಪದ ಅಲ್ಲಿ ಸಿಗೋಕೆ ಸಿನಿಮಾನೇ ಬೇಕಾ? ‘ಕೂಲಿ ಡ್ಯಾನ್ಸ್’ ಅಂತ ಇನ್ನೊಂದು ರಿಡ್ಡಿಮ್ಮೇ ಇದೆ, ನೀನಾ ಸ್ಕೈ ‘ಮೂವ್ ಯಾ ಬಾಡಿ’ ಅದರ ಮೇಲಿನದು. ‘ಕೂಲಿ’ ಅನ್ನೋ ಪದ ಮಾತ್ರ ಅಲ್ಲಿ ಬೈಗುಳವೂ ಹೌದು.

ನಾಗೇಶ: ಸರಿ, ದುಡ್ಡು ಯಾರಿಗೆ?

ಪ್ರಸಾದ್: ‘ಗೆಟ್ ಬಿಸಿ’ ಬರೆದವರು ಅಂತ ಶಾನ್ ಪಾಲ್ ಜೊತೆ ಮಾರ್ಸ್‌ಡೆನ್ ಹೆಸರೂ ಇದೆ. 2003ರ ಮೇನಲ್ಲಿ ಅದು ಅಮೆರಿಕದಲ್ಲಿ ನಂಬರ್ 1. ಅದೇ ವರ್ಷ ಲುಮಿಡಿ 3ನೇ ಸ್ಥಾನ, ವೇಯ್ನ್ ವಂಡರ್ 11. ಕದ್ದ ಮಾಲಾಗಿದ್ರೆ ಒಂದೇ ವರ್ಷ ಮೂರೂ ರೇಡಿಯೋದಲ್ಲಿ ರಾಜಾರೋಷವಾಗಿ ಓಡ್ತಿತ್ತಾ?

ರಘು: ಕಳ್ಳತನ ಹಾಳಾಗ್ಲಿ, ಈ ಮಿಕ್ಸ್ ಮಾಡಿದೋನನ್ನ ಹಿಡೀರಿ. ಹಾಡು ಬದಲಾಗೋ ಕಡೆ ರಿಡ್ಡಿಮ್‌ನ ಚಪ್ಪಾಳೆ ಚಟಚಟ ಅಂತ ಎರಡೆರಡು ಬೀಳ್ತಿದೆ, ಬೇಸ್ ಒಮ್ಮೆ ಒಡೆದು ಒಮ್ಮೆ ಮಾಯ.

ನಾಗೇಶ: ಟ್ರ್ಯಾಕ್ ಅದೇ ಅಂದ್ಮೇಲೆ ತಾನಾಗೇ ಕೂರಬೇಕಲ್ವಾ?

ರಘು: ಅದೇ ಆಗಿರೋದ್ರಿಂದಲೇ ಕಷ್ಟ. ಎಂಪಿ3 ಶುರುವಲ್ಲಿ ಚೂರು ಖಾಲಿ ಸೇರಿರುತ್ತೆ, ಫೈಲಿಂದ ಫೈಲಿಗೆ ಬೇರೆ. ಅದಕ್ಕೇ ಫೈಲಿನ ತುದಿ ಹಿಡೀಬೇಡ, ಮೊದಲ ಚಪ್ಪಾಳೆಗೆ ಚಪ್ಪಾಳೆ ಕೂರಿಸು. ಎರಡೂ ಬೇಸ್ ಒಟ್ಟಿಗೆ ಬಿಟ್ರೆ ಅಲೆ ಕೂಡಿದಲ್ಲಿ 6 ಡೆಸಿಬಲ್ ಏರಿ ಸ್ಪೀಕರ್ ಒದರುತ್ತೆ, ಎದುರಾದಲ್ಲಿ ಬೇಸೇ ಸತ್ತೋಗುತ್ತೆ. ಒಳಬರೋ ಹಾಡಿನ ಬೇಸ್ ಪೂರ್ತಿ ಇಳಿಸಿಟ್ಟು, ಹಳೇದರದ್ದು ಕತ್ತರಿಸಿದ ಕ್ಷಣ ಏರಿಸು.

ಮಂಜುಳಾ: ದನಿ ಮೇಲೆ ದನಿ ಬೀಳ್ತಿದೆಯಲ್ಲ, ಅದಕ್ಕೆ?

ರಘು: ನಡುವೆ ‘ವರ್ಷನ್’ ಹಾಕಬೇಕು. ನಿಮಿಷಕ್ಕೆ 45 ಸುತ್ತು ತಿರುಗೋ ಪ್ಲೇಟಿನ ಹಿಂಬದಿಯಲ್ಲಿ ದನಿ ಇಲ್ಲದ ರಿಡ್ಡಿಮ್ ಇರ್ತಿತ್ತಲ್ಲ, ಅದು. ನಿಮಿಷಕ್ಕೆ 100 ಬೀಟ್, ನಾಲ್ಕು ಬೀಟಿನ ಆವರ್ತ 2.4 ಸೆಕೆಂಡು. ಎಂಟು ಆವರ್ತ ಬಿಟ್ರೆ 19 ಸೆಕೆಂಡು, ದನಿ ಬದಲಿಸೋಕೆ ಅಷ್ಟು ಸಾಕು.

ನಾಗೇಶ: ನಾನೇ ಕೂತು ಸರಿ ಮಾಡಿ ಹಾಕ್ತೀನಿ.

ರಘು: ಹಾಕು, ಆದ್ರೆ ಡಾಕ್ಯುಮೆಂಟಾಗಿ. ವಿಡಿಯೋ ಮಾಡಿ ಬಿಟ್ರೆ ವಾಟ್ಸಾಪ್ ಮತ್ತೆ ಹಿಂಡುತ್ತೆ, ಮೊದಲು ಮಂಕಾಗೋದು ಆ ಚಪ್ಪಾಳೆನೇ.