ಮ್ಯಾರಥಾನ್ ಮುಗಿದ ಮರುವಾರ ಓಟ ಯಾವಾಗಿಂದ?

ಪ್ರಶ್ನೆ: ಭಾನುವಾರ 42 ಕಿ.ಮೀ. ಆಯ್ತ್ರಿ. ಮೆಟ್ಟಿಲು ಇಳಿಯೋವಾಗ ತೊಡಿ ಭಾಳ ನೋಯ್ತಾವ. ಕಲಬುರಗಿ ಅಪ್ಪನ ಕೆರಿ ಸುತ್ತ ಯಾವಾಗಿಂದ ಓಡಬಹುದು?

ಉತ್ತರ 1: ಬುಧವಾರದ ತನಕ ಓಟ ಬ್ಯಾಡ್ರಿ, 20 ನಿಮಿಷ ನಡೀರಿ ಸಾಕು. ಇಳಿಯುವಾಗ ತೊಡಿ ಸ್ನಾಯು ಹಿಗ್ಗುತ್ತಲೇ ಭಾರ ತಡೀತದ, ಅದಕ್ಕೇ ನೋವು. ಎರಡು-ಮೂರನೇ ದಿನ ಹೆಚ್ಚೋದು ಸಹಜ. ಗುರುವಾರ ಹಗುರ ಗೇರಿನ್ಯಾಗ 30 ನಿಮಿಷ ಸೈಕಲ್. ಶನಿವಾರ 25 ನಿಮಿಷ ಓಟ, ಮಾತಾಡ್ಲಿಕ್ಕೆ ಬರುವಷ್ಟು ನಿಧಾನ, ಅದೂ ಬೆಳಿಗ್ಗೆ ಏಳೋ ಮೊದಲು ಎಣಿಸಿದ ನಾಡಿ ಎಂದಿನಂಗಿದ್ರ. ನಿಮಿಷಕ್ಕ 8-10 ಬಡಿತ ಹೆಚ್ಚಿದ್ರ ರಜಾನೇ.

ಉತ್ತರ 2: ನೋವಿನ ಗುಳಿಗಿ ನುಂಗಿ ಓಡಬ್ಯಾಡ್ರಿ. ಮೈಯಾಗ ನೀರು ಕಡಿಮಿ ಇದ್ದಾಗ ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು. ಮೂತ್ರ ಕಡು ಚಹಾ ಬಣ್ಣ ಬಂದ್ರ ಅವತ್ತೇ ದವಾಖಾನಿ.

ಉತ್ತರ 3: ಎರಡೂ ತೊಡಿ ನೋವಿಗೆ ಚಿಂತಿಲ್ಲ. ಮೊಣಕಾಲ ಕೆಳಗ ಎಲುಬಿನ ಮ್ಯಾಲ ಒಂದೇ ಕಡಿ ಬೆರಳಿಟ್ರ ಚುಚ್ಚಿದಂಗಾದ್ರ ಎಲುಬು ಸೀಳಿರಬಹುದು, ಡಾಕ್ಟರಿಗೆ ತೋರಿಸ್ರಿ.