ಸಹಾಯ ಬೇಕು: 28 ಎಂಎಂ ಸೈನಿಕರ ಪಕ್ಕಕ್ಕೆ ಯಾವ ಸ್ಕೇಲಿನ ಟ್ಯಾಂಕ್?

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಟೇಬಲ್ ಆಟಕ್ಕೆಂದು 28 ಎಂಎಂ (ಸುಮಾರು ಅಷ್ಟೇ ಎತ್ತರದ) ಸೈನಿಕರ ಬೊಂಬೆಗಳನ್ನು ಜೋಡಿಸಿಟ್ಟಿದ್ದೇನೆ. ಈಗ ಶರ್ಮನ್ ಟ್ಯಾಂಕ್ ಬೇಕು. ಮನೆಯಲ್ಲಿರುವ 1/72 (ಅಸಲಿಯ 72ನೇ ಒಂದು ಭಾಗ ಅಳತೆಯ) ಶರ್ಮನ್ ಇವರ ಪಕ್ಕ ಆಟಿಕೆ ಥರ ಕಾಣುತ್ತದೆ (ಎಲ್ಲವೂ ಆಟಿಕೆಯೇ, ಬಿಡಿ!).

ಅಸಲಿ ಶರ್ಮನ್ ಸುಮಾರು 5.8 ಮೀಟರ್ ಉದ್ದ. ಲೆಕ್ಕ ಹಾಕಿದರೆ 1/72ರಲ್ಲಿ 8 ಸೆಂ.ಮೀ., 1/56ರಲ್ಲಿ 10 ಚಿಲ್ಲರೆ, 1/48ರಲ್ಲಿ 12. ಜಾಸ್ತಿ ಜನ 1/56 ತಗೋ ಅಂತಾರೆ. ಆದರೆ ನಮ್ಮ ಸೈನಿಕರ ತಲೆ, ಕೈ, ಬಂದೂಕು ಎಲ್ಲ ದಪ್ಪ, ಅದರ ಮೇಲೆ ಕಾಲಡಿಯ ಬೇಸ್‌ನ ಎತ್ತರ ಬೇರೆ. ಹಾಗಾದರೆ 1/48 ಹೊಂದುತ್ತದೆ ಅಲ್ವಾ? ಎರಡನ್ನೂ ಅಕ್ಕಪಕ್ಕ ಇಟ್ಟ ಫೋಟೋ ಇದ್ದರೆ ದಯವಿಟ್ಟು ಹಾಕಿ.

ಇನ್ನೊಂದು ವಿಷಯ. ರೆಸಿನ್ (ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ರಾಳ) ಭಾಗಗಳಿಗೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲಿಲ್ಲ. ಸೂಪರ್ ಗ್ಲೂ ಹಾಕಿದರೆ ಸುತ್ತ ಬೆಳ್ಳಗಾಗುತ್ತಿದೆ. ಏನು ಮಾಡಲಿ?