ಮಾತು ನಿಂತ ಅತ್ತೆ, ನನ್ನನ್ನೇ ಕೇಳುವ ಡಾಕ್ಟರ್

ಗದಗಿನ ಸೊಸೆ: ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಿದೆ, ಮಾತೂ ಹೋಗಿದೆ. ಹುಬ್ಬಳ್ಳಿಗೆ ತೋರಿಸಲು ಕರೆದುಕೊಂಡು ಹೋದರೆ ಅವರು ಪಕ್ಕದಲ್ಲೇ ಕೂತಿದ್ದರೂ ಡಾಕ್ಟರ್ ಎಲ್ಲಾ ನನ್ನನ್ನೇ ಕೇಳುತ್ತಾರೆ. ಮನೆಗೆ ಬಂದ ಮೇಲೆ ಸಿಟ್ಟು, ಮಾತ್ರೆ ಉಗುಳುತ್ತಾರೆ. ಏನು ಮಾಡಲಿ?

ಧಾರವಾಡದ ನರ್ಸ್: ಸಿಟ್ಟು ಬರುತ್ತದೆ, ಅಲ್ವಾ? ಬಲಗೈ, ಮಾತು ಒಟ್ಟಿಗೆ ಹೋದರೆ ಸಾಮಾನ್ಯವಾಗಿ ಪೆಟ್ಟು ಮೆದುಳಿನ ಎಡಭಾಗಕ್ಕೆ. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಅಂತಾರೆ, ಮಾತು ಬರದಿದ್ದರೂ ಎಷ್ಟೋ ಜನರಿಗೆ ಅರ್ಥ ಆಗುತ್ತಿರುತ್ತದೆ. 'ಊಟಕ್ಕೆ ಏನು ಬೇಕು' ಅನ್ನಬೇಡಿ. ರೊಟ್ಟಿ ತೋರಿಸಿ 'ರೊಟ್ಟಿ ಬೇಕಾ' ಅಂತ ಒಂದೇ ಕೇಳಿ, ತಲೆ ಆಡಿಸುವವರೆಗೆ ಕಾಯಿರಿ, ಟಿವಿ ಬಂದ್ ಮಾಡಿ. ಡಾಕ್ಟರಿಗೂ 'ಅವರನ್ನೇ ಕೇಳಿ ಸರ್, ನಾನು ಆಮೇಲೆ ಸೇರಿಸುತ್ತೇನೆ' ಅನ್ನಿ. ಮಾತ್ರೆ ಉಗುಳುವುದು ಬರೀ ಸಿಟ್ಟಿಗೆ ಅಂದುಕೊಳ್ಳಬೇಡಿ, ನುಂಗಲು ಕಷ್ಟ ಆಗುತ್ತಿರಬಹುದು.

ಹಾವೇರಿ ಹುಡುಗ: ನಮ್ಮಪ್ಪನ ಹತ್ತಿರ ಬಂದವರೆಲ್ಲ ಸುಮ್ನೆ ಕೂಗಿ ಮಾತಾಡುತ್ತಿದ್ದರು, ಕಿವುಡು ಅನ್ನೋ ಹಾಗೆ! ನಿಮಗೂ ಸುಸ್ತು ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಗದಗಿನ ಸೊಸೆ: ನೀರು ಕುಡಿದಾಗಲೂ ಕೆಮ್ಮುತ್ತಾರೆ...

ಧಾರವಾಡದ ನರ್ಸ್: ಹಾಗಾದರೆ ತಡ ಮಾಡಬೇಡಿ, ಕೂಡಲೇ ತೋರಿಸಿ. ನೀರು, ಊಟ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮಲಗಿಸಿಕೊಂಡು ಏನೂ ಕೊಡಬೇಡಿ. ಸ್ಪೀಚ್ ಥೆರಪಿಸ್ಟ್ ನುಂಗುವುದನ್ನೂ ನೋಡುತ್ತಾರೆ, ಅವರ ಬಗ್ಗೆ ಕೇಳಿ.